ಕಾಣದ ಕ್ಲಿಪ್ಪು

ಹಾಲುಹಲ್ಲು ಬಿದ್ದಾಗ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆದು, ಹೊಸ ಹಲ್ಲು ಬೇಗ ಬರಲೆಂದು ಹಾರೈಸುತ್ತಿದ್ದ ಕಾಲದಲ್ಲಿ, ಬಂದ ಹಲ್ಲು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂಬುದು ಮನೆಯವರ ಚಿಂತೆಯ ವಿಷಯವಾಗಿರಲಿಲ್ಲ. ಬಂದಿತಲ್ಲ, ಅಷ್ಟೇ ಸಮಾಧಾನ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಕೊರಗಿದ ಹಿರಿಯರು, ಎರಡೂ ಒಟ್ಟಿಗಿದ್ದವನನ್ನು ಭಾಗ್ಯವಂತನೆಂದು ಎಣಿಸಿದರೇ ಹೊರತು ಅವನ ಹಲ್ಲಿನ ಸಾಲಿಗೆ ದಾರ ಹಿಡಿದು ನೋಡಲಿಲ್ಲ. ಹೆಣ್ಣು ನೋಡಲು ಬಂದವರು ಮಾತ್ರ ಕೊಂಚ ನೋಡುತ್ತಿದ್ದರು. ಅವರಿಗೂ ತಲೆ ತಗ್ಗಿಸಿ ಕುಳಿತ ಹುಡುಗಿಯ ಬಾಯಿ ಸುಲಭವಾಗಿ ಕಾಣುತ್ತಿರಲಿಲ್ಲ.

ಈಗ ಕಾಲ ಬೇರೆಯಾಗಿದೆ. ಮಗು ಹುಟ್ಟಿದ ದಿನದಿಂದಲೇ ಅದರ ಮುಖ ದಿನಕ್ಕೆ ಹತ್ತು ಸಲ ಮೊಬೈಲಿನ ಕನ್ನಡಿಯಲ್ಲಿ ಮೂಡುತ್ತದೆ; ನಗು ಎಂಬುದು ಮನೆಯೊಳಗಿನ ಸೊತ್ತಾಗಿ ಉಳಿದಿಲ್ಲ. ಆದುದರಿಂದ ಹಲ್ಲಿನ ಸಾಲು ತಪ್ಪಿದೊಡನೆ ತಂದೆತಾಯಿಯರ ಎದೆ ಹಾರುವುದೂ ಸಹಜವೇ. ಕ್ಲಿಪ್ಪು ಹಾಕಿಸಬೇಕೆ, ಬೇಡವೆ ಎಂಬ ಹಳೆಯ ಪ್ರಶ್ನೆಯ ಜೊತೆಗೆ ಈಚೆಗೆ ಇನ್ನೊಂದು ಪ್ರಶ್ನೆ ಬಂದು ಕುಳಿತಿದೆ: ಕಾಣುವ ಕ್ಲಿಪ್ಪೋ, ಕಾಣದ ಕ್ಲಿಪ್ಪೋ?

ಜಯನಗರದ ಒಂದು ಮನೆಯಲ್ಲಿ ಈ ಪ್ರಶ್ನೆ ಮೂರು ತಿಂಗಳ ಕಾಲ ಊಟದ ಹೊತ್ತಿನ ಮಾತಾಗಿತ್ತು. ತಂದೆ ಬ್ಯಾಂಕಿನಲ್ಲಿ ಅಧಿಕಾರಿ. ತಾಯಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವರು. ಮಗನಿಗೆ 13 ವರ್ಷ, ಮಗಳಿಗೆ 8. ಇವರೊಡನೆ, ತನ್ನ ಹಲ್ಲುಗಳನ್ನೆಲ್ಲ ಎಂದೋ ಕಳೆದುಕೊಂಡು ಹಲ್ಲಿನ ವಿಷಯದಲ್ಲಿ ನಿಶ್ಚಿಂತೆಯಿಂದಿದ್ದ ಅಜ್ಜಿ. ಮಗನ ಮೇಲಿನ ಕೋರೆಹಲ್ಲೊಂದು ಸಾಲಿನಲ್ಲಿ ಜಾಗ ಸಾಲದೆ ವಸಡಿನ ಎತ್ತರದಲ್ಲೇ ನಿಂತುಬಿಟ್ಟಿತ್ತು. ಕೆಳಗಿನ ಬಾಚಿಹಲ್ಲುಗಳು ಬಸ್ಸಿನ ಬಾಗಿಲಲ್ಲಿ ನುಗ್ಗಿದ ಜನರಂತೆ ಒಂದರ ಹೆಗಲ ಮೇಲೊಂದು ಬಿದ್ದಿದ್ದವು. ಮಗಳ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಒಂದು ಅಕ್ಕಿಕಾಳು ತೂರುವಷ್ಟು ಸಂದಿ. ಪಕ್ಕದ ಹಲ್ಲುಗಳು ಬೀಸಣಿಗೆಯ ಹಾಗೆ ಹೊರಕ್ಕೆ ಚಾಚಿದ್ದವು.

ತಾಯಿಗೆ ಎರಡನ್ನೂ ಒಟ್ಟಿಗೆ ಸರಿಪಡಿಸಿಬಿಡುವ ಆತುರ. ಆಕೆ ಕಂಡ ಜಾಹೀರಾತಿನಲ್ಲಿ ಮಗುವೊಂದು ಗಾಜಿನಂತೆ ತಿಳಿಯಾದ ಕವಚವನ್ನು ಹಲ್ಲಿಗೆ ಸಿಕ್ಕಿಸಿಕೊಂಡು ನಗುತ್ತಿತ್ತು. ಕವಚವಿದೆಯೆಂದು ಹೇಳಿದ ಮೇಲೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲ. ಈ ಆತುರದ ಹಿಂದೆ ಒಂದು ಹಳೆಯ ನೋವಿತ್ತು. ಆಕೆಯ ಹಲ್ಲುಗಳೂ ಸೊಟ್ಟವೇ. ಮದುವೆಯ ಆಲ್ಬಮ್ಮಿನ ಯಾವ ಚಿತ್ರದಲ್ಲಿಯೂ ಮದುಮಗಳ ತುಟಿ ಬಿಚ್ಚಿಲ್ಲ. ನಗು ಬಂದಾಗ ಸೆರಗಿನ ಅಂಚನ್ನು ಬಾಯಿಗೆ ಒಯ್ಯುವ ಅಭ್ಯಾಸ, ಸೆರಗಿಲ್ಲದ ಉಡುಪಿನಲ್ಲಿಯೂ ಆಕೆಯ ಕೈಗೆ ಉಳಿದುಕೊಂಡಿದೆ. ಮಕ್ಕಳು ಹಾಗೆ ಕೈ ಎತ್ತಬಾರದು. ಹಲ್ಲು ಸರಿಯಾಗುವ ಎರಡು ವರ್ಷವೂ ಅವರು ತಂತಿ ತೋರಿಸಿಕೊಂಡು ನಾಚಬಾರದು. ಆಕೆ ಬಯಸಿದುದು ಇಷ್ಟೇ. ಆದರೆ ಇಷ್ಟೂ ಕಡಿಮೆಯೇನಲ್ಲ.

“ಎಷ್ಟು ಆಗುತ್ತದಂತೆ?” ಎಂದರು ತಂದೆ.

“ತಂತಿಗಿಂತ ಎರಡು ಮೂರು ಪಟ್ಟು ಆಗಬಹುದಂತೆ ಕಣ್ರೀ. ಮಕ್ಕಳ ಮುಖಕ್ಕಿಂತ ದುಡ್ಡು ಹೆಚ್ಚೇ?”

ಇಂಥ ಪ್ರಶ್ನೆಗೆ ಉತ್ತರ ಹೇಳಿ ಗೆದ್ದ ಗಂಡಸು ಯಾರೂ ಇಲ್ಲ. ತಂದೆ ಸುಮ್ಮನಾದರು, ಆದರೆ ಬ್ಯಾಂಕಿನವರಾದುದರಿಂದ, ಹಣ ಕೊಡುವ ಮೊದಲು ಕಾಗದಪತ್ರ ನೋಡುವ ಸ್ವಭಾವವನ್ನು ಬಿಡದೆ, ಈ ವಸ್ತುವಿನ ಪೂರ್ವಾಪರವನ್ನು ಓದಲು ತೊಡಗಿದರು.

ಹಲ್ಲನ್ನು ಸರಿಸುವ ಆಸೆ ಹೊಸದಲ್ಲ. ಫ್ರಾನ್ಸಿನ ಪಿಯೆರ್ ಫೋಷಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯದ ಗ್ರಂಥದಲ್ಲಿಯೇ, ಲಾಳದಾಕಾರದ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟಿ ಎಳೆಯುವ ಉಪಾಯವಿದೆ. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ಮೇಲಿನ ಮತ್ತು ಕೆಳಗಿನ ದವಡೆಹಲ್ಲುಗಳು ಒಂದಕ್ಕೊಂದು ಕೂಡುವ ಬಗೆಯನ್ನು ನೋಡಿ ಹಲ್ಲಿನ ವಕ್ರತೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ಇಂದಿಗೂ ವೈದ್ಯರು ಬಳಸುವುದು ಆ ವಿಂಗಡಣೆಯನ್ನೇ. ಕವಚದ ಕಲ್ಪನೆ ಹುಟ್ಟಿದುದೂ ಅಮೆರಿಕದಲ್ಲಿ. 1945ರಲ್ಲಿ ಇಂಡಿಯಾನಾದ ಹೆರಾಲ್ಡ್ ಕೆಸ್ಲಿಂಗ್ ಎಂಬ ದಂತವೈದ್ಯನು, ಹಲ್ಲುಗಳ ಅಚ್ಚನ್ನು ತೆಗೆದು, ಅಚ್ಚಿನಲ್ಲಿಯೇ ಅವುಗಳನ್ನು ಸರಿಯಾದ ಸ್ಥಾನಕ್ಕೆ ಜೋಡಿಸಿ, ಅದರ ಮೇಲೆ ರಬ್ಬರಿನ ಕವಚವೊಂದನ್ನು ಮಾಡಿದನು. ಇಂಥ ಕವಚಗಳನ್ನು ಸಾಲಾಗಿ, ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಹೋದರೆ ಹಲ್ಲನ್ನು ಹೆಚ್ಚು ದೂರ ಸರಿಸಬಹುದೆಂದೂ ಆತ ಹೇಳಿದ್ದನು. ಆದರೆ ಒಂದೊಂದು ಹೆಜ್ಜೆಗೂ ಕೈಯಿಂದ ಅಚ್ಚು ಮಾಡುತ್ತ ಕೂರುವವರಾರು? ಆ ಕೆಲಸಕ್ಕೆ ಕಂಪ್ಯೂಟರು ಬರಬೇಕಾಯಿತು. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಲೈನ್ ಟೆಕ್ನಾಲಜಿ ಎಂಬ ಕಂಪನಿ ಆರಂಭವಾಯಿತು. 1998ರಲ್ಲಿ ಅದರ ‘ಇನ್ವಿಸಲೈನ್’ ಕವಚಕ್ಕೆ ಅಮೆರಿಕದ ಸರ್ಕಾರದ ಅನುಮತಿ ದೊರೆಯಿತು. ಮೊದಲು ಅದು ಬೆಳೆದವರಿಗಾಗಿ ಇದ್ದ ವಸ್ತು. ಹದಿಹರೆಯದವರಿಗಾಗಿ ಬೇರೆ ಬಗೆ ಬಂದುದು 2008ರಲ್ಲಿ. ಹಾಲುಹಲ್ಲು ಇನ್ನೂ ಬಾಯಲ್ಲಿರುವ ಚಿಕ್ಕ ಮಕ್ಕಳಿಗಾಗಿ ಬಂದುದು 2018ರಲ್ಲಿ. ಈಗ ಇಂಥ ಕವಚಗಳನ್ನು ಅನೇಕ ಕಂಪನಿಗಳು ಮಾಡುತ್ತವೆ. ಎಲ್ಲಕ್ಕೂ ಸೇರಿ ಅಲೈನರ್ ಎಂಬ ಹೆಸರು ರೂಢಿಯಾಗಿದೆ.

ಇಷ್ಟು ಓದಿದ ಮೇಲೆ ತಂದೆಗೆ ಒಂದು ಮಾತು ಸ್ಪಷ್ಟವಾಯಿತು: ಈ ಕವಚ ದೊಡ್ಡವರ ಬಾಯಿಯಿಂದ ಮಕ್ಕಳ ಬಾಯಿಗೆ ಇಳಿದು ಬಂದ ವಸ್ತು. ಇನ್ನೊಂದನ್ನೂ ಅವರು ಗಮನಿಸಿದರು. ವೈದ್ಯರನ್ನು ಮುಖತಃ ಕಾಣದೆಯೇ, ಮನೆಯಲ್ಲಿ ಅಚ್ಚು ತೆಗೆದು ಅಂಚೆಯಲ್ಲಿ ಕಳುಹಿಸಿದರೆ ಕವಚಗಳನ್ನು ಮನೆಗೇ ತಲುಪಿಸುವೆವೆಂದು 2014ರಲ್ಲಿ ವ್ಯಾಪಾರ ತೊಡಗಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಕಂಪನಿ, 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಚಿಕಿತ್ಸೆಯ ನಡುವೆ ಇದ್ದವರು ನಡುನೀರಿನಲ್ಲಿ ನಿಂತರು. ವಸಡಿನ ಒಳಗೆ ಇನ್ನೂ ಮೂಡದ ಹಲ್ಲು ಎಲ್ಲಿದೆ, ಬೇರು ಎತ್ತ ವಾಲಿದೆ ಎಂಬುದನ್ನು ಎಕ್ಸ್‌ರೇ ತೆಗೆದು ನೋಡದೆ ಮಗುವಿನ ಹಲ್ಲನ್ನು ಸರಿಸುವುದು, ಅಡಿಪಾಯ ನೋಡದೆ ಗೋಡೆ ಸರಿಸಿದಂತೆ. ಆದುದರಿಂದ ಮಾಲಿನ ಮಳಿಗೆಯಲ್ಲಿ ಪುಕ್ಕಟೆಯಾಗಿ ಬಾಯಿ ಸ್ಕ್ಯಾನ್ ಮಾಡಿಸುವ ಆಲೋಚನೆಯನ್ನು ಬಿಟ್ಟು, ವಕ್ರದಂತ ಚಿಕಿತ್ಸೆಯಲ್ಲಿಯೇ ಸ್ನಾತಕೋತ್ತರ ಪದವಿ ಪಡೆದ ವೈದ್ಯೆಯೊಬ್ಬರಲ್ಲಿಗೆ ಮನೆಯವರೆಲ್ಲ ಹೊರಟರು. ಅಜ್ಜಿಯೂ ಹೊರಟರು, ತಮಗೆ ಕಾಣಿಸಿಕೊಳ್ಳಲು ಹಲ್ಲಿಲ್ಲವಾದರೂ ನೋಡಲು ಕಣ್ಣಿದೆಯೆಂದು.

ವೈದ್ಯೆ ಮೊದಲು ನೋಡಿದುದು ಹುಡುಗಿಯನ್ನು. ಎಕ್ಸ್‌ರೇ ತೆಗೆಸಿ, ಹಿಡಿದು ತೋರಿಸಿ, “ಇದು ರೋಗವಲ್ಲಮ್ಮ, ಬೆಳವಣಿಗೆ” ಎಂದರು. ಎಂಟರ ವಯಸ್ಸಿನಲ್ಲಿ ಮೇಲಿನ ಕೋರೆಹಲ್ಲುಗಳು ಇನ್ನೂ ಮೂಳೆಯ ಒಳಗಿದ್ದು, ಇಳಿಯುವ ದಾರಿಯಲ್ಲಿ ಪಕ್ಕದ ಬಾಚಿಹಲ್ಲುಗಳ ಬೇರನ್ನು ಒತ್ತುತ್ತಿರುತ್ತವೆ. ಬೇರು ಒಳಕ್ಕೆ ಹೋದಾಗ ತುದಿ ಹೊರಕ್ಕೆ ಚಾಚುತ್ತದೆ. ನಡುವೆ ಸಂದಿ ಬೀಳುತ್ತದೆ. 11-12ರ ಸುಮಾರಿಗೆ ಕೋರೆಹಲ್ಲು ಇಳಿದು ಬಂದಂತೆ ಆ ಸಂದಿ ಬಹುಮಟ್ಟಿಗೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಮುಂದೆ ಹಂಸವಾಗುವ ಕುರೂಪದ ಬಾತುಮರಿಯ ಕಥೆಯನ್ನು ನೆನೆದು ದಂತಶಾಸ್ತ್ರದವರು ಈ ಅವಸ್ಥೆಗೆ ‘ಕುರೂಪಿ ಬಾತುಮರಿಯ ಘಟ್ಟ’ ಎಂದೇ ಹೆಸರಿಟ್ಟಿದ್ದಾರೆ. ಅವಸರಪಟ್ಟು ಈಗಲೇ ಆ ಹಲ್ಲುಗಳನ್ನು ಕೂಡಿಸಲು ಹೋದರೆ, ಬೇರುಗಳು ಇಳಿಯುತ್ತಿರುವ ಕೋರೆಹಲ್ಲಿನ ದಾರಿಗೆ ಅಡ್ಡ ಬಂದು ಹಾನಿಯಾಗುವ ಸಂಭವವಿದೆ.

“ಹಾಗಾದರೆ ಸುಮ್ಮನಿರುವುದೇ?” ಎಂದರು ತಾಯಿ. ಕೈಯಲ್ಲಿ ಹಣವಿದ್ದು, ಮನಸ್ಸಿನಲ್ಲಿ ಆತಂಕವಿದ್ದಾಗ, ಸುಮ್ಮನಿರುವುದಕ್ಕಿಂತ ಕಷ್ಟವಾದ ಚಿಕಿತ್ಸೆ ಬೇರೊಂದಿಲ್ಲ.

“ಸುಮ್ಮನಿರುವುದಲ್ಲ, ಕಾಯುವುದು. ವರ್ಷಕ್ಕೊಮ್ಮೆ ಕರೆತನ್ನಿ. ಹತ್ತು ವರ್ಷದ ಹೊತ್ತಿಗೆ ಈ ವಸಡಿನ ಮೇಲೆ ಬೆರಳಿಟ್ಟರೆ ಕೋರೆಹಲ್ಲಿನ ಉಬ್ಬು ಕೈಗೆ ಸಿಗಬೇಕು. ಸಿಗದಿದ್ದರೆ ಆಗ ಯೋಚನೆ ಮಾಡೋಣ.”

ಎಲ್ಲ ಮಕ್ಕಳಿಗೂ ಕಾಯುವುದೇ ಮದ್ದಲ್ಲವೆಂಬುದನ್ನೂ ಅವರು ಹೇಳದೆ ಬಿಡಲಿಲ್ಲ. ಮೇಲಿನ ಹಲ್ಲು ಕೆಳಗಿನ ಹಲ್ಲಿನ ಹಿಂದಕ್ಕೆ ಕಚ್ಚುತ್ತಿದ್ದರೆ, ಬಾಯಿ ಮುಚ್ಚುವಾಗ ದವಡೆ ಒಂದು ಪಕ್ಕಕ್ಕೆ ಸರಿಯುತ್ತಿದ್ದರೆ, ಹೆಬ್ಬೆರಳು ಚೀಪುವ ಅಭ್ಯಾಸ ಹೊಸ ಹಲ್ಲು ಬಂದ ಮೇಲೂ ಬಿಡದಿದ್ದರೆ, ಚಿಕ್ಕಂದಿನಲ್ಲಿಯೇ ಕೈಹಾಕಬೇಕಾಗುತ್ತದೆ. ಅಮೆರಿಕದ ವಕ್ರದಂತ ತಜ್ಞರ ಸಂಘ ಏಳನೆಯ ವರ್ಷದ ಹೊತ್ತಿಗೆ ಒಮ್ಮೆ ಮಗುವನ್ನು ತೋರಿಸಿರೆಂದು ಹೇಳುವುದು ಇದಕ್ಕಾಗಿಯೇ. ತೋರಿಸಿದವರೆಲ್ಲರೂ ಆಗಲೇ ಚಿಕಿತ್ಸೆ ಆರಂಭಿಸಬೇಕೆಂದು ಅದರ ಅರ್ಥವಲ್ಲ. ಮೇಲಿನ ಹಲ್ಲು ಬಹಳ ಉಬ್ಬಿರುವ ಮಕ್ಕಳ ವಿಷಯದಲ್ಲಿ ಕಾಕ್ರೇನ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಸಾರವೂ ಇದೇ: ಬೇಗ ಆರಂಭಿಸಿದರೆ ಬಿದ್ದು ಹಲ್ಲು ಮುರಿದುಕೊಳ್ಳುವ ಅಪಾಯ ಕಡಿಮೆಯಾಗುತ್ತದೆ, ಅದನ್ನು ಬಿಟ್ಟರೆ, ಹದಿಹರೆಯದಲ್ಲಿ ಒಂದೇ ಸಲ ಮಾಡಿದ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಂಡುಬಂದಿಲ್ಲ.

ಆಮೇಲೆ ಹುಡುಗನ ಸರದಿ. ಇವನಿಗೆ ಹಾಲುಹಲ್ಲುಗಳೆಲ್ಲ ಬಿದ್ದು ಶಾಶ್ವತ ಹಲ್ಲುಗಳು ಬಂದಾಗಿತ್ತು. ಕಾಯುವುದರಿಂದ ಬರುವುದೇನೂ ಉಳಿದಿರಲಿಲ್ಲ. ಕಾಣದ ಕವಚ ಇವನಿಗೆ ಆಗುತ್ತದೆಯೇ ಎಂದು ತಾಯಿ ಕೇಳಿದಾಗ, ವೈದ್ಯೆ ಆಗುವುದಿಲ್ಲ ಎನ್ನಲಿಲ್ಲ. ಹಲ್ಲು ಸರಿಯುವ ಕ್ರಮವನ್ನು ವಿವರಿಸಿದರು. ಹಲ್ಲಿಗೂ ಮೂಳೆಗೂ ನಡುವೆ ಕೂದಲಿನಷ್ಟು ತೆಳುವಾದ ತಂತುಗಳ ಪದರವೊಂದಿದೆ. ಹಲ್ಲನ್ನು ಮೆಲ್ಲಗೆ ಒತ್ತಿದಾಗ ಒತ್ತಿದ ಕಡೆಯ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹೀಗೆ ಹಲ್ಲು ತನ್ನ ಮನೆಯನ್ನೇ ಕಟ್ಟಿಕೊಳ್ಳುತ್ತ ನಡೆಯುತ್ತದೆ. ಒಂದೊಂದು ಕವಚ ಹಲ್ಲನ್ನು ಸುಮಾರು ಕಾಲು ಮಿಲಿಮೀಟರಿನಷ್ಟು ಸರಿಸುತ್ತದೆ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಮುಂದಿನ ಕವಚ ಹಾಕಿಕೊಳ್ಳಬೇಕು. ಒತ್ತಡ ನಿಂತರೆ ನಡಿಗೆಯೂ ನಿಂತಿತು. ಆದುದರಿಂದ ದಿನದ 24 ಗಂಟೆಯಲ್ಲಿ 20ರಿಂದ 22 ಗಂಟೆ ಕವಚ ಬಾಯಲ್ಲಿಯೇ ಇರಬೇಕು. ಎತ್ತರದಲ್ಲಿ ನಿಂತ ಕೋರೆಹಲ್ಲನ್ನು ಕೆಳಕ್ಕೆ ಎಳೆಯುವುದು ಮತ್ತು ತಿರುಚಿದ ದುಂಡನೆಯ ಹಲ್ಲನ್ನು ತಿರುಗಿಸುವುದು ಕವಚಕ್ಕೆ ಕಷ್ಟದ ಕೆಲಸ. ಅದಕ್ಕಾಗಿ ಹಲ್ಲಿನ ಮೇಲೆ ಹಲ್ಲಿನದೇ ಬಣ್ಣದ ಸಣ್ಣ ಗುಬಟುಗಳನ್ನು ಅಂಟಿಸಬೇಕು. ರಬ್ಬರ್ ಬಳೆಗಳೂ ಬೇಕಾಗಬಹುದು. ಅಲ್ಲಿಗೆ ‘ಕಾಣದ ಕ್ಲಿಪ್ಪು’ ಹತ್ತಿರದಿಂದ ಕೊಂಚ ಕಾಣುವ ಕ್ಲಿಪ್ಪೇ ಆಯಿತು.

“ಅವನಿಗೆ ಎರಡರಿಂದಲೂ ಮಾಡಬಹುದು. ತಂತಿಯನ್ನು ನಾನು ನೋಡಿಕೊಳ್ಳುತ್ತೇನೆ, ಕವಚವನ್ನು ಅವನು ನೋಡಿಕೊಳ್ಳಬೇಕು. ಏನಪ್ಪಾ, ನಿನ್ನಿಂದ ಆಗುತ್ತದೆಯೇ?” ಎಂದು ವೈದ್ಯೆ ಕೇಳಿದರು.

ಅಷ್ಟು ದಿನದ ಚರ್ಚೆಯಲ್ಲಿ ಈ ಪ್ರಶ್ನೆಯನ್ನು ಹುಡುಗನಿಗೆ ಯಾರೂ ಕೇಳಿರಲಿಲ್ಲ. ಹಲ್ಲು ಅವನದು, ವಾದ ಮಾತ್ರ ದೊಡ್ಡವರದಾಗಿತ್ತು. ಹುಡುಗ ತಾಯಿಯ ಮುಖ ನೋಡಿ “ಆಗುತ್ತದೆ” ಎಂದನು. ತಾಯಿಯ ಮುಖ ನೋಡಿ ಹೇಳಿದ ಉತ್ತರಕ್ಕೆ ಎಷ್ಟು ಬೆಲೆಯೆಂಬುದನ್ನು ಎಷ್ಟೋ ಮಕ್ಕಳನ್ನು ಕಂಡ ವೈದ್ಯೆ ಬಲ್ಲರು. ಹಲ್ಲನ್ನು ಸರಿಸದ, ಬರಿಯ ಹೊದಿಕೆಯಂತಿರುವ ಒಂದು ಜೊತೆ ಕವಚವನ್ನು ಮಾಡಿಕೊಟ್ಟು, “ಒಂದು ವಾರ ಹಾಕಿ ನೋಡು. ತೆಗೆದ ಹೊತ್ತು, ಹಾಕಿದ ಹೊತ್ತು ಬರೆದಿಡು. ಸುಳ್ಳು ಬರೆಯಬೇಡ, ಇದು ಪರೀಕ್ಷೆಯಲ್ಲ” ಎಂದು ಕಳುಹಿಸಿದರು.

ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಲೆಕ್ಕ ಆರಂಭವಾಯಿತು. ತಂದೆ ಮೊದಲೇ ಅಂದಾಜು ಹಾಕಿದ್ದರು: ಬೆಳಗಿನ ತಿಂಡಿಗೆ 20 ನಿಮಿಷ, ಶಾಲೆಯ ಸಣ್ಣ ಬಿಡುವಿಗೆ 15, ಮಧ್ಯಾಹ್ನದ ಊಟಕ್ಕೆ 25, ಸಂಜೆಯ ತಿಂಡಿಗೆ 20, ರಾತ್ರಿಯ ಊಟಕ್ಕೆ 30. ಪ್ರತಿ ಸಲವೂ ಬಾಯಿ ತೊಳೆದು ಹಲ್ಲುಜ್ಜಲು 5 ನಿಮಿಷವೆಂದರೆ, ಒಟ್ಟು 2 ಗಂಟೆ 15 ನಿಮಿಷ. ಇದರ ಮೇಲೆ ಕೊಳಲಿನ ಪಾಠ. ಹುಡುಗ ನಾಲ್ಕು ವರ್ಷದಿಂದ ಕೊಳಲು ಕಲಿಯುತ್ತಿದ್ದನು. ದಿನಕ್ಕೆ ಒಂದು ಗಂಟೆಯ ಸಾಧಕ. ಕವಚವಿದ್ದರೆ ತುಟಿ ಕೂರುವುದಿಲ್ಲವೆಂದು ಆ ಹೊತ್ತು ಅದನ್ನು ತೆಗೆದಿಡುತ್ತಿದ್ದನು. ಅಲ್ಲಿಗೆ, ಎಲ್ಲವೂ ಗಡಿಯಾರದಂತೆ ನಡೆದರೂ ಉಳಿಯುವುದು 20 ಗಂಟೆ 45 ನಿಮಿಷ.

ಮನೆಯಲ್ಲಿ ಎಲ್ಲವೂ ಗಡಿಯಾರದಂತೆ ನಡೆಯಲಿಲ್ಲ. ಕವಚ ಬಾಯಲ್ಲಿದ್ದಾಗ ಬರಿಯ ನೀರಲ್ಲದೆ ಬೇರೇನೂ ಕುಡಿಯುವಂತಿಲ್ಲ. ಬಿಸಿಯಾದುದು ತಾಗಿದರೆ ಅದರ ಆಕಾರ ಕೆಡುತ್ತದೆ. ಸಿಹಿಯ ಹನಿ ಒಳಗೆ ಸೇರಿದರೆ ಜೊಲ್ಲು ತೊಳೆಯಲಾರದೆ ಹಲ್ಲು ಹುಳುಕಾಗುತ್ತದೆ. ಆದರೆ ಅಜ್ಜಿ ಕೋಡುಬಳೆ ಕರಿದ ಸಂಜೆ ಹುಡುಗ ಐದು ಸಲ ಅಡಿಗೆಮನೆಗೆ ಬಂದನು. ಐದು ಸಲವೂ ಕವಚ ಹೊರಗೆ. ಸೋಮವಾರದ 20 ಗಂಟೆ, ಮಂಗಳವಾರ 19 ಆಯಿತು, ಶುಕ್ರವಾರಕ್ಕೆ 16. ಭಾನುವಾರ ಬಂಧುಗಳ ಮದುವೆ. ಪಂಕ್ತಿಯಲ್ಲಿ ಕುಳಿತು, ಕವಚವನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಎಲೆಯ ಪಕ್ಕದಲ್ಲಿಟ್ಟುಕೊಂಡು, ಹೋಳಿಗೆಯವರೆಗೆ ಸಾವಕಾಶವಾಗಿ ಉಂಡು, ಎಲೆ ಮಡಿಸಿ ಎದ್ದನು. ಕೈ ತೊಳೆದು ಬರುವಷ್ಟರಲ್ಲಿ ಎಲೆಗಳನ್ನು ಎತ್ತಿಯಾಗಿತ್ತು. ಎಲೆಯೊಡನೆ ಕರವಸ್ತ್ರವೂ, ಕರವಸ್ತ್ರದೊಡನೆ ಕವಚವೂ ಹೋಗಿತ್ತು.

ಮನೆಗೆ ಬಂದ ಮೇಲೆ ಅವನು ಯಾರೂ ಕೇಳುವ ಮೊದಲೇ ಹೇಳಿಕೊಂಡನು. “ಅಮ್ಮಾ, ನನಗೆ ತಂತಿಯೇ ಇರಲಿ. ಇದನ್ನು ಹಾಕಿಕೊಂಡರೆ ದಿನವೂ ಲೆಕ್ಕ ಒಪ್ಪಿಸಬೇಕು, ದಿನವೂ ನೀನು ಬೈಯಬೇಕು. ತಂತಿಯಾದರೆ ಮರೆಯುವುದಕ್ಕೇ ಆಗುವುದಿಲ್ಲ.”

“ಶಾಲೆಯಲ್ಲಿ ಆಡಿಕೊಳ್ಳುವುದಿಲ್ಲವೇನೋ?”

“ಈಗ ಆಡಿಕೊಳ್ಳುತ್ತಿಲ್ಲವೇ?”

ತಾಯಿ ಮಾತಾಡಲಿಲ್ಲ. ಆ ಕೋರೆಹಲ್ಲಿಗೆ ತರಗತಿಯಲ್ಲಿ ಒಂದು ಅಡ್ಡಹೆಸರಿತ್ತೆಂಬುದು ಆಕೆಗೆ ತಿಳಿದುದು ಆ ದಿನವೇ. ತನ್ನಂತೆ ಮಗನೂ ಕೈ ಎತ್ತಿ ಬಾಯಿ ಮುಚ್ಚಿಕೊಳ್ಳಬಾರದೆಂದು ಆಕೆ ಹೆದರಿದ್ದಳು. ಅವನು ಮುಚ್ಚಿಕೊಂಡಿರಲಿಲ್ಲ, ಮನೆಯಲ್ಲಿ ಹೇಳಿರಲಿಲ್ಲ, ಅಷ್ಟೇ.

ತಂತಿಯೇನೂ ಹೂವಿನ ಹಾರವಲ್ಲ. ಹಾಕಿಸಿದ ಮೊದಲ ವಾರ ಹುಡುಗ ಅನ್ನ ಸಾರನ್ನೂ ಕಷ್ಟಪಟ್ಟು ನುಂಗಿದನು. ಕೋಡುಬಳೆ, ಚಕ್ಕುಲಿ, ಹುರಿಗಡಲೆ ನಿಷಿದ್ಧವಾದವು. ಗಟ್ಟಿಯಾದುದನ್ನು ಕಡಿದರೆ ಹಲ್ಲಿಗೆ ಅಂಟಿಸಿದ ಬಿಲ್ಲೆ ಕಿತ್ತು ಬರುತ್ತದೆ. ತಂತಿಯ ಸಂದಿನಲ್ಲಿ ಆಹಾರ ಸಿಕ್ಕಿ, ಸರಿಯಾಗಿ ಉಜ್ಜದಿದ್ದರೆ ಬಿಲ್ಲೆಗಳ ಸುತ್ತ ಹಲ್ಲಿನ ಮೇಲೆ ಬಿಳಿಯ ಕಲೆ ಉಳಿಯುತ್ತದೆ. ತೆಗೆದು ಹಾಕಬಹುದಾದ ಕವಚದಲ್ಲಿ ಹಲ್ಲುಜ್ಜುವುದು ಸುಲಭವೆಂಬ ಮಾತು ನಿಜವೇ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದುದು ಕೊಳಲಿಗೆ. ತುಟಿಯ ಹಿಂದೆ ಲೋಹ ಕುಳಿತೊಡನೆ ನಾದ ಗಾಳಿಯಾಗಿ ಸೋರಿತು. ಮೂರು ವಾರ ಅವನು ಕೊಳಲನ್ನು ಮುಟ್ಟಲಿಲ್ಲ. ಬಿಲ್ಲೆಗಳ ಮೇಲೆ ಮೇಣ ಒತ್ತಿಕೊಂಡು, ತುಟಿಯನ್ನು ಕೊಂಚ ಬೇರೆ ರೀತಿ ಇಡುವುದನ್ನು ಕಲಿತು, ಮತ್ತೆ ಸರಳೆ ವರಸೆಯಿಂದ ಆರಂಭಿಸಬೇಕಾಯಿತು. ಎರಡನೆಯ ತಿಂಗಳಿನಲ್ಲಿ ಮಂದ್ರದ ಸ್ವರಗಳು ಬಂದವು. ತಾರದ ಸ್ವರಗಳು ಇನ್ನೂ ಪೂರ್ತಿ ಒಲಿದಿಲ್ಲ. ಇಷ್ಟರ ನಡುವೆಯೂ ಆ ಎತ್ತರದ ಕೋರೆಹಲ್ಲು ವಸಡಿನಿಂದ ಇಳಿಯಲು ಹೊರಟಿದೆ. ಅಜ್ಜಿಯೇ ಮೊದಲು ಕಂಡುಹಿಡಿದು ಎಲ್ಲರನ್ನೂ ಕರೆದು ತೋರಿಸಿದರು.

ಹಾಗೆಂದು ಕವಚ ಕೆಟ್ಟದ್ದು, ತಂತಿ ಒಳ್ಳೆಯದು ಎಂದು ತೀರ್ಪು ಕೊಟ್ಟರೆ ಅನ್ಯಾಯವಾದೀತು. ಅದೇ ಬೀದಿಯಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ಒಂದೂವರೆ ವರ್ಷದಿಂದ ಕವಚ ಧರಿಸುತ್ತಿದ್ದಾಳೆ. ಊಟದ ಡಬ್ಬಿಯ ಪಕ್ಕದಲ್ಲಿ ಕವಚದ ಡಬ್ಬಿ, ಅದರ ಪಕ್ಕದಲ್ಲಿ ಬ್ರಷ್ಷು. ಪೆನ್ಸಿಲನ್ನು ಕೂಡ ಎಂದೂ ಕಳೆದುಕೊಳ್ಳದ ಆ ಹುಡುಗಿಗೆ ಅದು ಹೇಳಿ ಮಾಡಿಸಿದಂತಿದೆ. ಹಲ್ಲಿನ ವಕ್ರತೆ ಎಷ್ಟು, ದವಡೆಯ ಬೆಳವಣಿಗೆ ಎಲ್ಲಿಗೆ ಬಂದಿದೆ ಎಂಬುದನ್ನು ವೈದ್ಯರು ಎಕ್ಸ್‌ರೇಯಲ್ಲಿ ನೋಡಬಲ್ಲರು. ಮಗುವಿನ ಸ್ವಭಾವ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದನ್ನು ಹೇಳಬೇಕಾದವರು ಮನೆಯವರು, ಅವರಿಗಿಂತ ಮಿಗಿಲಾಗಿ ಮಗುವೇ. ಯಾವುದನ್ನು ಆರಿಸಿಕೊಂಡರೂ ಕೊನೆಯಲ್ಲಿ ಒಂದು ಋಣ ಉಳಿಯುತ್ತದೆ. ಸರಿಸಿದ ಹಲ್ಲು ಹಳೆಯ ಜಾಗಕ್ಕೆ ಮರಳಲು ಹವಣಿಸುತ್ತದೆ. ಅದನ್ನು ತಡೆಯಲು ಚಿಕಿತ್ಸೆ ಮುಗಿದ ಮೇಲೆಯೂ ಬಹುಕಾಲ ರಾತ್ರಿಯ ಹೊತ್ತು ರಿಟೈನರ್ ಹಾಕಿಕೊಳ್ಳಬೇಕು. ತಂತಿ ಬಿಚ್ಚಿದ ದಿನವೇ ಎಲ್ಲವೂ ಮುಗಿಯಿತೆಂದು ತಿಳಿದವರು, ಕೆಲವು ವರ್ಷಗಳ ನಂತರ ಕನ್ನಡಿಯಲ್ಲಿ ಹಳೆಯ ಪರಿಚಯದ ಹಲ್ಲನ್ನು ಮತ್ತೆ ಕಾಣುವುದುಂಟು.

ಹುಡುಗಿಯ ಸಂದಿ ಇನ್ನೂ ಹಾಗೆಯೇ ಇದೆ. ಅವಳು ಅದರ ಮೂಲಕ ನೀರು ಚಿಮ್ಮಿಸುವುದನ್ನು ಕಲಿತು ಅಣ್ಣನನ್ನು ಗೋಳಾಡಿಸುತ್ತಾಳೆ. ಅದು ಮುಚ್ಚಿಹೋಗುತ್ತದಂತೆ ಎಂದು ತಿಳಿದಾಗ ಅವಳಿಗೆ ತುಸು ಬೇಸರವೇ ಆಯಿತು.

ತಾಯಿಯ ಮಾತು ಮಾತ್ರ ಇತ್ಯರ್ಥವಾಗದೆ ಉಳಿದಿದೆ. ಕಳೆದ ಸಲ ಹೋದಾಗ ವೈದ್ಯೆ, “ವಸಡು ಆರೋಗ್ಯವಾಗಿದ್ದರೆ ನಲವತ್ತೆರಡೇನು ವಯಸ್ಸಲ್ಲ. ನಿಮ್ಮಂಥ ಲೆಕ್ಕದವರಿಗೇ ಆ ಕವಚ ಮಾಡಿದ್ದು” ಎಂದಿದ್ದರು. ಆಕೆ ನಕ್ಕು, ಅಭ್ಯಾಸದಂತೆ ಕೈಯನ್ನು ಬಾಯಿಗೆ ಒಯ್ದು, ಯೋಚಿಸಿ ಹೇಳುತ್ತೇನೆ ಎಂದು ಬಂದರು. ಅಂದಿನಿಂದ ಕ್ಯಾಲೆಂಡರಿನ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಊಟ, ತಿಂಡಿ, ಕಾಫಿಯ ನಿಮಿಷಗಳು ಕಾಣಿಸಿಕೊಳ್ಳುತ್ತಿವೆ. ಯಾರದೆಂದು ಯಾರೂ ಕೇಳಲಿಲ್ಲ. ಮಗ ಮಾತ್ರ ಒಂದು ಸಂಜೆ ಅದನ್ನು ನಿಂತು ಓದಿ, ಕೊಳಲನ್ನು ಒರೆಸುತ್ತ ಹೇಳಿದನು: “ಅಮ್ಮಾ, ಕಾಫಿ ನಾಲ್ಕು ಸಲ ಆಯಿತು. ಎರಡಕ್ಕೆ ಇಳಿಸು. ಮದುವೆಮನೆಯಲ್ಲಿ ಎಲೆ ಮಡಿಸುವ ಮೊದಲು ಒಂದು ಸಲ ನೋಡಿಕೋ.”